ಪೊಲೀಸ್ ಆಗಲು ಎದೆಯಳತೆಯೊಂದೇ ಸಾಲದು

ಕಳೆದ ಬೇಸಿಗೆಯ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ಮಗ ಪಿಯುಸಿ ಮುಗಿಸಿದ್ದ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂಬುದು ಅವನ ಆಸೆ. ಕಾಫಿ ಕುಡಿದು ಲೋಟ ಕೆಳಗಿಟ್ಟವರು ದನಿ ತಗ್ಗಿಸಿ ಕೇಳಿದರು: 'ಮೇಷ್ಟ್ರೇ, ಇದಕ್ಕೆ ಎಷ್ಟು ಕೊಡಬೇಕಾಗುತ್ತೆ? ಅರ್ಧ ಎಕರೆ ಮಾರಿದರೆ ಸಾಕಾ?'

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಊರಿನಲ್ಲಿ ಎಲ್ಲರೂ ಆಡುವ ಮಾತನ್ನು ಅವರು ನನ್ನೆದುರು ಆಡಿದ್ದರು, ಅಷ್ಟೆ. ಅವರಿಗೆ ನಾನು ಕೊಟ್ಟ ಉತ್ತರ ಇತರ ಪೋಷಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

2021ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆಯಿತು. ಉತ್ತರ ಪತ್ರಿಕೆ ತಿದ್ದಿದ, ಬ್ಲೂಟೂತ್ ಬಳಸಿದ ಆರೋಪಗಳು ಹೊರಬಿದ್ದವು. ಹಲವು ಅಭ್ಯರ್ಥಿಗಳು ಮತ್ತು ಮಧ್ಯವರ್ತಿಗಳು ಬಂಧನಕ್ಕೊಳಗಾದರು. 2022ರಲ್ಲಿ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ದುಡ್ಡು ಕೊಟ್ಟವರ ಕಥೆ ಹಾಗಿರಲಿ, ರಾತ್ರಿ ಹಗಲು ಓದಿ ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷ ಕಾದು ಮತ್ತೆ ಬರೆಯಬೇಕಾಯಿತು. ಒಬ್ಬನ ಅರ್ಧ ಎಕರೆ ಇನ್ನೊಬ್ಬನ ಎರಡು ವರ್ಷವನ್ನು ನುಂಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಬೇಕಾಗಿರುವುದೇನು? ಪುರುಷ ಅಭ್ಯರ್ಥಿಗಳಿಗೆ ಸಾಮಾನ್ಯವಾಗಿ 168 ಸೆಂ.ಮೀ. ಎತ್ತರ, 86 ಸೆಂ.ಮೀ. ಎದೆಸುತ್ತಳತೆ, ಉಸಿರೆಳೆದಾಗ 5 ಸೆಂ.ಮೀ. ಹಿಗ್ಗುವಿಕೆ. ಮಹಿಳೆಯರಿಗೆ 157 ಸೆಂ.ಮೀ. ಎತ್ತರ. ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕು. ವಿದ್ಯಾರ್ಥಿಗಳೇ, ನೀವೇ ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 4.1 ಮೀಟರ್ ವೇಗ. ಜೊತೆಗೆ ಜಿಗಿತ, ಗುಂಡು ಎಸೆತ. ಲಿಖಿತ ಪರೀಕ್ಷೆ ನೂರು ಅಂಕಗಳದ್ದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಇವುಗಳಲ್ಲಿ ಯಾವುದನ್ನೂ ಅಭ್ಯಾಸವಿಲ್ಲದೆ ಗೆಲ್ಲಲಾಗದು.

ಇನ್ನು ತರಬೇತಿ. ನಮ್ಮ ಪೊಲೀಸ್ ವ್ಯವಸ್ಥೆಗೆ ಅಡಿಪಾಯ ಹಾಕಿದ್ದು 1861ರ ಕಾಯಿದೆ. 1857ರ ದಂಗೆಯ ನೆನಪಿನಲ್ಲಿ ಬ್ರಿಟಿಷರು ಕಟ್ಟಿದ ಆ ವ್ಯವಸ್ಥೆಗೆ ಜನರನ್ನು ಹದ್ದುಬಸ್ತಿನಲ್ಲಿಡುವುದೇ ಮುಖ್ಯವಾಗಿತ್ತು. ಕವಾಯತು, ಲಾಠಿ, ಸೆಲ್ಯೂಟ್ ಕಲಿತರೆ ಸಾಕಿತ್ತು. ಸ್ವತಂತ್ರ ದೇಶಕ್ಕೆ ಅದು ಸಾಲದೆಂದು ಸಮಾಜವಿಜ್ಞಾನಿ ಎಂ.ಎಸ್. ಗೋರೆ ಅವರ ಅಧ್ಯಕ್ಷತೆಯ ಸಮಿತಿ 1973ರಲ್ಲೇ ಹೇಳಿತು. ಪೊಲೀಸರ ಮನೋಭಾವವೂ ತರಬೇತಿಯ ವಿಷಯವಾಗಬೇಕೆಂಬುದು ಅದರ ಆಶಯ. 1996ರ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬಂಧನಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿಕೊಟ್ಟಿತು. ಬಂಧಿಸಿದ ವಿಷಯ ಮನೆಯವರಿಗೆ ತಿಳಿಯಬೇಕು, ವೈದ್ಯಕೀಯ ತಪಾಸಣೆ ಆಗಬೇಕು.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಿವೆ. ಶೋಧ ನಡೆಸುವಾಗ ವಿಡಿಯೋ ಚಿತ್ರೀಕರಣ ಕಡ್ಡಾಯ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬ ನಿಯಮವೂ ಇದೆ. ಆದರೆ ತಜ್ಞರಿಗಿಂತ ಮೊದಲು ಅಲ್ಲಿಗೆ ತಲುಪುವವನು ಸಾಮಾನ್ಯವಾಗಿ ಕಾನ್‌ಸ್ಟೇಬಲ್. ಅವನು ತುಳಿದ ಹೆಜ್ಜೆ ಗುರುತು ಮತ್ತೆ ಸಿಗದು.

ಈಗ ತರಬೇತಿಯಲ್ಲಿರುವ ನನ್ನ ಇನ್ನೊಬ್ಬ ಶಿಷ್ಯ ರಜೆಯಲ್ಲಿ ಬಂದಾಗ ಹೇಳಿದ: 'ಸಾರ್, ರಕ್ತದ ಬಟ್ಟೆಯನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬಾರದಂತೆ. ಒಣಗಿಸಿ ಕಾಗದದಲ್ಲಿ ಸುತ್ತಬೇಕಂತೆ. ಯಾಕೆ ಅಂತ ಕೇಳಿದಾಗ ನಾನೊಬ್ಬನೇ ಕೈ ಎತ್ತಿದೆ.' ತೇವದಲ್ಲಿ ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎ ಹಾಳಾಗುತ್ತದೆ. ಒಂಬತ್ತನೇ ತರಗತಿಯಲ್ಲಿ ಅಂಗಳದ ರೊಟ್ಟಿ ಚೂರು ತೋರಿಸಿ ನಾನು ಹೇಳಿದ್ದ ಪಾಠ ಅವನಿಗೆ ನೆನಪಿತ್ತು! ಚೀಲ ಕಟ್ಟುವುದರಲ್ಲಿ ಆದ ತಪ್ಪಿನಿಂದ ಅಪರಾಧಿ ಪಾರಾಗಬಹುದು, ನಿರಪರಾಧಿ ಜೈಲಿನಲ್ಲಿ ಕೊಳೆಯಬಹುದು. ಮೊಬೈಲಿನೊಳಗಿನ ಸಾಕ್ಷ್ಯಕ್ಕೂ ಇದೇ ಮಾತು. ಕಡತದ ಒಂದಕ್ಷರ ಬದಲಾದರೂ ಅದರ 'ಹ್ಯಾಷ್' ಸಂಖ್ಯೆ ಬದಲಾಗಿ ನ್ಯಾಯಾಲಯದಲ್ಲಿ ಪ್ರಶ್ನೆ ಏಳುತ್ತದೆ.

ಪೋಷಕರೇ, ಇಂಥ ಕೆಲಸಕ್ಕೆ ಹೋಗುವ ಹುದ್ದೆಯನ್ನು ಕೊಳ್ಳಲಾದೀತೇ? ಕೊಂಡವನು ಮೊದಲು ಯೋಚಿಸುವುದು ಕೊಟ್ಟ ಹಣವನ್ನು ಎಲ್ಲಿಂದ ವಾಪಸು ಪಡೆಯಲಿ ಎಂದೇ. ಅದನ್ನು ತೆರುವವರು ನಾಳೆ ಠಾಣೆಯ ಮೆಟ್ಟಿಲು ಹತ್ತುವ ನಮ್ಮಂಥವರೇ.

ಆ ತಂದೆ ಎಲ್ಲವನ್ನೂ ಕೇಳಿಸಿಕೊಂಡು ಏನೂ ಹೇಳದೆ ಎದ್ದು ಹೋದರು. ಹದಿನೈದು ದಿನಗಳ ನಂತರ ಬೆಳಗಿನ ವಾಯುವಿಹಾರಕ್ಕೆ ಹೋದಾಗ ಶಾಲೆಯ ಮೈದಾನದಲ್ಲಿ ಮಗ ಓಡುತ್ತಿದ್ದ. ತಂದೆ ಕೈಗಡಿಯಾರ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದರು: 'ಆರು ನಿಮಿಷ ಐವತ್ತು ಸೆಕೆಂಡು ಮೇಷ್ಟ್ರೇ! ಇನ್ನು ಇಪ್ಪತ್ತು ಸೆಕೆಂಡು ಇಳಿಸಬೇಕು.'

ಜಮೀನಿನ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ.