ಹಿಂದಿನ ಅಂಕಗಳೂ ಮುಂದಿನ ವೈದ್ಯವಿದ್ಯೆಯೂ

ಕಳೆದ ಮಳೆಗಾಲದ ಒಂದು ಸಂಜೆ ಹೊಸನಗರದ ಕಡೆಯ ಗೃಹಸ್ಥರೊಬ್ಬರು ನಮ್ಮ ಮನೆಗೆ ಬಂದರು. ಅವರ ಮಗನು ಪ್ರೌಢಶಾಲೆಯಲ್ಲಿ ನನ್ನ ಶಿಷ್ಯನಾಗಿದ್ದವನು. ಬಿ.ಎಸ್‌ಸಿ. ಪದವಿಯನ್ನು ಹೇಗೋ ಮುಗಿಸಿದ್ದನು. ಅಂಕಗಳು ಮಾತ್ರ ಹೇಳಿಕೊಳ್ಳುವಂತಿರಲಿಲ್ಲ. ಈಗ ವೈದ್ಯನಾಗಬೇಕೆಂಬ ಹಟವನ್ನು ಹಿಡಿದಿದ್ದನಂತೆ.

“ಮೇಷ್ಟ್ರೇ, ನೀವಾದರೂ ಅವನಿಗೆ ಬುದ್ಧಿ ಹೇಳಬೇಕು. ಇಂಥ ಅಂಕಗಳಿಗೆ ಯಾವ ವೈದ್ಯಕೀಯ ಕಾಲೇಜೂ ಬಾಗಿಲು ತೆರೆಯುವುದಿಲ್ಲವೆಂದು ಅಮೇರಿಕೆಯಲ್ಲಿರುವ ಅವನ ಸೋದರಮಾವ ಹೇಳಿದ್ದಾರೆ” ಎಂದರು.

ನಾನು ಒಡನೆಯೇ ಉತ್ತರ ಕೊಡಲಾರದೆ ಹೋದೆನು. ಏಕೆಂದರೆ, ಹತ್ತನೆಯ ತರಗತಿಯಲ್ಲಿ ಆ ಹುಡುಗನಿಗೆ “ವಿಜ್ಞಾನವು ನಿನ್ನ ಪಾಲಿನದಲ್ಲ” ಎಂದು ಎಲ್ಲರೆದುರಿಗೆ ಹೇಳಿದವನು ನಾನೇ. ಸಂಸ್ಕೃತದ ಪಂಡಿತನಿಗೆ ವಿಜ್ಞಾನದ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರವೆಲ್ಲಿಯದೆಂದು ಅಂದು ನನಗೆ ತೋರಲಿಲ್ಲ. ಆದಕಾರಣ ಈ ಬಾರಿ, ವಿಷಯವನ್ನು ವಿಚಾರಿಸಿ ತಿಳಿದ ಮೇಲೆಯೇ ಮಾತನಾಡುವೆನೆಂದು ಅವರನ್ನು ಕಳುಹಿಸಿಕೊಟ್ಟೆನು. ಹಾಗೆ ತಿಳಿದುದನ್ನು, ಇಂಥ ಮಕ್ಕಳಿರುವ ಇತರ ಮನೆಗಳಿಗೂ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿದ್ದೇನೆ.

ಸೋದರಮಾವನ ಮಾತು ಅಮೇರಿಕೆಯ ಮಟ್ಟಿಗೆ ನಿರಾಧಾರವಲ್ಲ. ಅಲ್ಲಿ ಸಾಮಾನ್ಯವಾಗಿ ಪದವಿಯಾದ ಮೇಲೆಯೇ ವೈದ್ಯವಿದ್ಯೆಗೆ ಪ್ರವೇಶ. ಪದವಿಯ ಅಂಕಗಳನ್ನು ತೂಗಿ ನೋಡುತ್ತಾರೆ. ಅಂಕಗಳು ದುರ್ಬಲವಾದವರು ಮತ್ತೆ ಒಂದೆರಡು ವರ್ಷ ವಿಜ್ಞಾನದ ಪಾಠಗಳನ್ನು ಓದಿ ಹೆಸರನ್ನು ಸರಿಪಡಿಸಿಕೊಳ್ಳುವುದುಂಟು. ನಮ್ಮ ದೇಶದ ಕ್ರಮವೇ ಬೇರೆ. ಕರ್ನಾಟಕದಲ್ಲಿ 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯು ಬಂದಿತು. 2016ರಿಂದ ವೈದ್ಯಕೀಯಕ್ಕೆ ದೇಶಕ್ಕೆಲ್ಲ ಒಂದೇ ಆದ ನೀಟ್ ಪರೀಕ್ಷೆಯು ನೆಲೆಗೊಂಡಿತು. ಎಂ.ಬಿ.ಬಿ.ಎಸ್. ಪ್ರವೇಶದ ಶ್ರೇಣಿಯನ್ನು ನಿರ್ಣಯಿಸುವುದು ಈ ಪರೀಕ್ಷೆಯ ಅಂಕವೇ ಹೊರತು ಬಿ.ಎಸ್‌ಸಿ.ಯ ಅಂಕವಲ್ಲ. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳು ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗದವರಿಗೆ ಶೇಕಡಾ 40 ಬಂದಿದ್ದು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿದ್ದರೆ ಹೊಸ್ತಿಲನ್ನು ದಾಟಿದಂತಾಯಿತು. ಪಿ.ಯು.ಸಿ.ಯ ಅಂಕವೇ ಅದಕ್ಕಿಂತ ಕಡಿಮೆಯಿದ್ದರೆ ಮೊದಲು ಆ ಪರೀಕ್ಷೆಯನ್ನು ಮತ್ತೆ ಬರೆದು ಸರಿಪಡಿಸಿಕೊಳ್ಳತಕ್ಕದ್ದು. ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಹೀಗಿರಲಾಗಿ, ಇಪ್ಪತ್ತೆರಡರ ತರುಣನಿಗೆ ಕಾಲ ಮೀರಿತೆಂದು ಹೇಳುವುದು ಸತ್ಯವಲ್ಲ.

ಆದರೆ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ದಾರಿಯು ಸುಗಮವೆಂದು ಭಾವಿಸಬಾರದು. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ ಮೂರು ಗಂಟೆಯ ಕಾಲ, 720 ಅಂಕಗಳು. ಅದರಲ್ಲಿ ಅರ್ಧವು ಜೀವಶಾಸ್ತ್ರಕ್ಕೇ ಮೀಸಲು. ಸರಿಯುತ್ತರಕ್ಕೆ 4 ಅಂಕ. ತಪ್ಪಿದರೆ 1 ಅಂಕದ ನಷ್ಟ. ನಾಲ್ಕು ತಪ್ಪುಗಳು ಒಂದು ಸರಿಯುತ್ತರವನ್ನು ನುಂಗಿಬಿಡುವುವು. ಹಿಂದಿನ ಅಂಕಗಳನ್ನು ಕೆಡಿಸಿದ ದೋಷವು ಇನ್ನೂ ಉಳಿದಿದ್ದರೆ ಈ ಪರೀಕ್ಷೆಯನ್ನೂ ಅದು ಕೆಡಿಸದೆ ಬಿಡದು. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆಯು “ಎಷ್ಟು ಅಂಕ?” ಎಂಬುದಲ್ಲ, “ಏಕೆ ಕಡಿಮೆಯಾಯಿತು?” ಎಂಬುದು.

ಮರುವಾರ ನಾನೇ ಅವರ ಮನೆಗೆ ಹೋಗಿ ಹುಡುಗನನ್ನು ಈ ಪ್ರಶ್ನೆ ಕೇಳಿದೆನು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಒಮ್ಮೆಲೇ ಇಂಗ್ಲಿಷಿಗೆ ಬಿದ್ದವನು; ತಿಳಿದುದನ್ನೂ ಬರೆಯಲಾರದೆ ಹೋದನು. ಪದವಿಯ ಎರಡನೆಯ ವರ್ಷ ತಾಯಿಯು ಹಾಸಿಗೆ ಹಿಡಿದರು. ಅಡಿಕೆಯ ಕೊಯ್ಲಿನ ತಿಂಗಳುಗಳಲ್ಲಿ ಅವನು ತರಗತಿಗೆ ಹೋದುದಕ್ಕಿಂತ ತೋಟಕ್ಕೆ ಹೋದುದೇ ಹೆಚ್ಚು. ತಂದೆಯು ಇದನ್ನೆಲ್ಲ ಬಲ್ಲವರೇ; ಆದರೂ ಅಂಕಪಟ್ಟಿಯ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ನಾನು ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆನು. ಹುಡುಗನು ತಲೆ ತಗ್ಗಿಸಿ, “ಅದನ್ನು ಮರೆತಿಲ್ಲ ಸಾರ್” ಎಂದಷ್ಟೇ ಹೇಳಿದನು.

ಗುರುಗಳ ತೀರ್ಪು ತಪ್ಪುವುದುಂಟೆಂಬುದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೊಂದಿದೆ. ಇಂಗ್ಲೆಂಡಿನ ಈಟನ್ ಶಾಲೆಯಲ್ಲಿ 1949ರಲ್ಲಿ ಜಾನ್ ಗರ್ಡನ್ ಎಂಬ ಬಾಲಕನು ಜೀವಶಾಸ್ತ್ರದಲ್ಲಿ 250 ಮಂದಿಯೊಳಗೆ ಕಟ್ಟಕಡೆಯವನಾದನು. ಇವನು ವಿಜ್ಞಾನಿಯಾಗಬಯಸುವುದು ಹಾಸ್ಯಾಸ್ಪದವೆಂಬ ಅರ್ಥದಲ್ಲಿ ಉಪಾಧ್ಯಾಯರು ವರದಿ ಬರೆದರು. ಆತನೇ 2012ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡನು. ಆ ವರದಿಯನ್ನು ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದನು. ಕಡೆಯವರೆಲ್ಲರೂ ಗರ್ಡನ್ನರಾಗುವರೆಂದು ಇದರ ಅರ್ಥವಲ್ಲ. ತೀರ್ಪು ಕೊಡುವವರು ನಿಧಾನಿಸಬೇಕೆಂದು ಮಾತ್ರ.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರು ತಿಳಿದಿರಬೇಕಾದ ಕೆಲವು ಸಂಗತಿಗಳುಂಟು. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಪ್ರಶ್ನೆಗಳು ಎರಡೂ ಭಾಷೆಗಳಲ್ಲಿರುವುವು, ಸಂದೇಹ ಬಂದರೆ ಇಂಗ್ಲಿಷಿನ ಪಾಠವೇ ಪ್ರಮಾಣ. ರಾಜ್ಯದ ಸರ್ಕಾರಿ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮಾಂತರ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಪುರಸಭೆ, ಪಟ್ಟಣ ಪಂಚಾಯತಿಗಳ ಎಲ್ಲೆಯೊಳಗಿನ ಶಾಲೆಯು ಗ್ರಾಮಾಂತರವೆನಿಸದು. ಶಾಲೆಯ ಪ್ರಮಾಣಪತ್ರಗಳನ್ನು ಕಡೆಯ ದಿನದವರೆಗೆ ಕಾಯದೆ ಮೊದಲೇ ಪಡೆದಿಟ್ಟುಕೊಳ್ಳುವುದು ಗೃಹಸ್ಥರ ಕೆಲಸ.

ಇನ್ನು ಹಣದ ಮಾತು. ಅಂಕವು ಸಾಲದೆ ಹೋದಾಗ ತೋಟವನ್ನು ಅಡವಿಟ್ಟು ಹೆಚ್ಚು ಶುಲ್ಕದ ಸೀಟನ್ನು ಕೊಳ್ಳುವ ಆಶೆ ಹುಟ್ಟುವುದು. ಪರದೇಶದಲ್ಲಿ ಸುಲಭವೆಂದು ಹೇಳುವ ಮಧ್ಯವರ್ತಿಗಳೂ ಮನೆಯ ಬಾಗಿಲಿಗೆ ಬರುವರು. ಪರದೇಶದಲ್ಲಿ ಓದಿ ಇಲ್ಲಿ ವೈದ್ಯನಾಗಬೇಕೆಂಬವನಿಗೂ 2018ರಿಂದ ನೀಟ್ ಅರ್ಹತೆಯು ಬೇಕು. ಮರಳಿ ಬಂದ ಮೇಲೆ ಇಲ್ಲಿಯ ಪರೀಕ್ಷೆಯೂ ಬೇಕು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆಯ ತರಬೇತಿ ಎಂಬ ಲೆಕ್ಕವನ್ನು ಮೊದಲೇ ಮನೆಮಂದಿಯೆಲ್ಲ ಕುಳಿತು ಹಾಕತಕ್ಕದ್ದು.

ಎಷ್ಟು ಸಲ ಪ್ರಯತ್ನಿಸಬೇಕೆಂಬುದನ್ನೂ ಆರಂಭದಲ್ಲಿಯೇ ನಿಶ್ಚಯಿಸುವುದು ಲೇಸು. ನಾವು ಎರಡೆಂದು ಗೊತ್ತುಮಾಡಿದೆವು. ಮೊದಲ ಆರು ತಿಂಗಳು ಪಿ.ಯು.ಸಿ.ಯ ಪುಸ್ತಕಗಳನ್ನು ಬುಡದಿಂದ ಓದುವುದು. ವಾರಕ್ಕೊಂದು ಪರೀಕ್ಷೆಯನ್ನು ಗಡಿಯಾರ ಇಟ್ಟುಕೊಂಡು ಬರೆಯುವುದು. ಕೊಯ್ಲಿಗೆ ಆಳು ಹಿಡಿಯುವುದು ತಂದೆಯ ಭಾರ. ಎರಡೂ ಫಲಿಸದಿದ್ದರೆ ಬಿ.ಎಸ್‌ಸಿ. ಪದವಿಯು ವ್ಯರ್ಥವಲ್ಲ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಎಷ್ಟು ಮನೆಗಳನ್ನು ನಡುಗಿಸಿತೆಂಬುದನ್ನು ನಾವು ಬಲ್ಲೆವು. ಅಂಥ ರೋಗದೊಡನೆ ಹೋರಾಡಲು ವೈದ್ಯರು ಎಷ್ಟು ಬೇಕೋ, ರಕ್ತವನ್ನು ಪರೀಕ್ಷಿಸುವವರೂ ಉಣ್ಣೆಗಳನ್ನು ಹಿಡಿದು ಅಧ್ಯಯನ ಮಾಡುವವರೂ ಅಷ್ಟೇ ಬೇಕು.

ಹುಡುಗನು ಈಗ ಓದುತ್ತಿದ್ದಾನೆ. ಫಲವೇನಾಗುವುದೋ ನಾನು ಹೇಳಲಾರೆನು. ಒಮ್ಮೆ ಹೇಳಿ ತಪ್ಪಿದವನು. ಮೊನ್ನೆ ತಂದೆಯು ದಾರಿಯಲ್ಲಿ ಸಿಕ್ಕಾಗ ಮಗನ ಅಂಕದ ಮಾತನ್ನೇ ಎತ್ತಲಿಲ್ಲ. “ರಾತ್ರಿ ಅವನ ಕೋಣೆಯ ದೀಪ ಉರಿಯುತ್ತಿರುತ್ತದೆ ಮೇಷ್ಟ್ರೇ, ನಾನೂ ಸ್ವಲ್ಪ ಹೊತ್ತು ಎಚ್ಚರವಿರುತ್ತೇನೆ” ಎಂದರು.