ಅಂಗಡಿಗೆ ಕಳಿಸಿದ ಮೋನು ಯಾರ ಜವಾಬ್ದಾರಿ?

ನಗರ್ತಪೇಟೆಯ ಓಣಿಗಳಲ್ಲಿ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಒಮ್ಮೆ ನಡೆದು ನೋಡಿ. ಗುಡಿಸುವವನು, ಬಂಡಲ್ ಹೊರುವವನು, ಚಾ ತರಲು ಓಡುವವನು. ಕೆಲವರಿಗೆ ಇನ್ನೂ ಮೀಸೆ ಚಿಗುರಿರುವುದಿಲ್ಲ. ಕೇಳಿದರೆ, "ತಂಗಿ ಮಗ. ಓದಲಿಕ್ಕೆ ಮನಸ್ಸಿಲ್ಲ, ವ್ಯಾಪಾರ ಆದ್ರೂ ಕಲೀಲಿ ಅಂತ ಊರಿಂದ ಕರ್ಕೊಂಡು ಬಂದೆ" ಎನ್ನುತ್ತಾರೆ. ನಮ್ಮ ಎಷ್ಟೋ ಹಿರಿಯರು ಹೀಗೇ ಘಟ್ಟ ಹತ್ತಿ ಬಂದು, ಗೋಣಿಯ ಮೇಲೆ ಮಲಗಿ ವ್ಯಾಪಾರ ಕಲಿತವರು. ಹಾಗಾಗಿ ಇದರಲ್ಲಿ ತಪ್ಪೇನು ಅಂತ ನಮಗೂ ಅನ್ನಿಸುವುದುಂಟು.

ಕಾನೂನು ಹಾಗೆ ನೋಡುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅದರ 75ನೇ ಕಲಮಿನಂತೆ, ಮಗು ಯಾರ ಸುಪರ್ದಿಯಲ್ಲಿದೆಯೋ ಅವರು ಹೊಡೆದು, ತೊರೆದು, ಹಿಂಸಿಸಿ ಅಥವಾ ಬೇಕೆಂದೇ ಅಲಕ್ಷಿಸಿ ಮಗುವಿನ ದೇಹಕ್ಕೋ ಮನಸ್ಸಿಗೋ ಅನಗತ್ಯ ನೋವು ಕೊಟ್ಟರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂ. ದಂಡ ಅಥವಾ ಎರಡೂ. ಹೆತ್ತವರು ಮಾತ್ರ ಎಂದು ಇಲ್ಲಿ ಹೇಳಿಲ್ಲ. ಉಪ್ಪ ಗಲ್ಫಿನಲ್ಲಿ, ಉಮ್ಮ ಊರಲ್ಲಿ, ಹುಡುಗ ಗೋದಾಮಿನಲ್ಲಿ ಅಂತಾದರೆ ಉತ್ತರ ಕೊಡಬೇಕಾದವ ಮಾಮನೇ. ಜ್ವರದಲ್ಲಿ ಮಲಗಿದವನಿಗೆ "ಸೀಸನ್ ಮುಗೀಲಿ, ಡಾಕ್ಟರ್ ಹತ್ರ ಹೋಗುವ" ಅನ್ನುವುದೂ ಈ ಅಲಕ್ಷ್ಯದೊಳಗೆ ಬರಬಹುದು.

"ಮಾಮನ ಅಂಗಡಿ ಸ್ವಂತದ್ದಲ್ವಾ?" ಹೌದು, 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಕುಟುಂಬ ಎನ್ನುವಾಗ ತಾಯಿಯ ಅಣ್ಣತಮ್ಮಂದಿರನ್ನೂ ಸೇರಿಸಿದೆ. ಆದರೆ 14ರ ಒಳಗಿನವರು ಅಲ್ಲಿ ಕೈಜೋಡಿಸಬಹುದಾದದ್ದು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯದ ಕೆಲಸವಲ್ಲದಿದ್ದರೆ. ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು. ಶಾಲೆಯನ್ನೇ ಬಿಡಿಸಿ ತಂದವನಿಗೆ 'ಶಾಲೆ ಬಿಟ್ಟ ಮೇಲೆ' ಎಂಬ ಹೊತ್ತೇ ಇಲ್ಲವಲ್ಲ! ನಿಯಮ ಮೀರಿ ದುಡಿಸಿದವರಿಗೆ 6 ತಿಂಗಳಿಂದ 2 ವರ್ಷ ಜೈಲು ಅಥವಾ 20 ಸಾವಿರದಿಂದ 50 ಸಾವಿರ ರೂ. ದಂಡ, ಇಲ್ಲವೇ ಎರಡೂ.

ಬೆತ್ತದ ವಿಷಯವೂ ಬರುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ ಮದ್ರಸಗಳಿಗೆ ಅನ್ವಯಿಸುವುದಿಲ್ಲ. ಹಾಗಂತ ಉಸ್ತಾದರು ನಿರಾಳವಾಗುವಂತಿಲ್ಲ, 75ನೇ ಕಲಮು ಅವರಿಗೂ ಇದೆ.

ಎಲ್ಲಕ್ಕಿಂತ ಕಠಿಣವಾದದ್ದು 2012ರ ಪೋಕ್ಸೋ. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ಕಡೆ ಹುಡುಗನಿಗೆ ಲೈಂಗಿಕ ಕಿರುಕುಳವಾದರೆ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದವನೇ ಅಪರಾಧಿ. 6 ತಿಂಗಳವರೆಗೆ ಜೈಲಾಗಬಹುದು. ಮಾನ ಹೋಗುತ್ತದೆಂದು ಹಿರಿಯರು ಕೂತು ಮಾತಾಡಿ ಮುಗಿಸಿದರೆ ಅದು ಮುಗಿಯುವುದಿಲ್ಲ. ಆ ಹುಡುಗ ಮರುರಾತ್ರಿಯೂ ಅದೇ ಕೋಣೆಯಲ್ಲಿ ಮಲಗಬೇಕು.

ಸಂಶಯ ಬಂದರೆ 1098ಕ್ಕೆ ಕರೆ ಮಾಡಿ. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಂಗಡಿಯವರಿಗೆ ಅದಕ್ಕಿಂತ ಮುಂಚಿನ ದಾರಿಯೂ ಇದೆ: 14ರವರೆಗಿನ ಮಗುವಿಗೆ ಟಿಸಿ ತಡವಾಯಿತೆಂದು ಸರಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು.