ತೇವ ಸೆನ್ಸರ್ ನಂಬೋ ಮುಂಚೆ ಉಪ್ಪಿನ ಪರೀಕ್ಷೆ

ನಮ್ಮ ಉಡುತಡಿ ಕಡೆ ಮೆಕ್ಕೆಜೋಳ ಒಕ್ಕಿದ ಮೇಲೆ ಬೆಲೆ ಬರಲಿ ಅಂತ ಚೀಲ ಕಟ್ಟಿ ಇಡ್ತೀವಿ. ಕೋಣೆಯ ಗಾಳಿಯ ತೇವ 70% ದಾಟಿ ದಿನಗಟ್ಟಲೆ ನಿಂತರೆ ಕಾಳಿಗೆ ಬೂಸ್ಟು ಬರುತ್ತೆ. ಕೆಲವು ಬೂಸ್ಟು ಅಫ್ಲಾಟಾಕ್ಸಿನ್ ವಿಷವನ್ನೂ ಬಿಡುತ್ತೆ. ಅದಕ್ಕೇ ಮೊಬೈಲಿಗೆ ಲೆಕ್ಕ ಕಳಿಸೋ ಸೆನ್ಸರ್ ಉಪಯೋಗಕ್ಕೆ ಬರೋದು.

ಒಳಗೆ ಏನಿರುತ್ತೆ? ಕೆಲವದರಲ್ಲಿ ಪಾಲಿಮರ್, ಕೆಲವದರಲ್ಲಿ ಟೈಟಾನಿಯಂ, ಸತು, ತವರದಂಥ ಲೋಹದ ಆಕ್ಸೈಡ್ ಪದರ. ಅದು ಕೂದಲಿಗಿಂತ ಎಷ್ಟೋ ತೆಳು. ಅದರ ಸಣ್ಣ ರಂಧ್ರಗಳಲ್ಲಿ ನೀರಾವಿ ಅಂಟಿದಾಗ ಸಾಮಾನ್ಯವಾಗಿ ವಿದ್ಯುತ್ ಸಲೀಸಾಗಿ ಹರಿಯುತ್ತೆ. ಆ ವ್ಯತ್ಯಾಸವನ್ನೇ ಚಿಪ್ ಶೇಕಡಾ ಮಾಡಿ ತೋರಿಸುತ್ತೆ. ಧೂಳು, ಹೊಗೆ ಕೂತರೆ ರಂಧ್ರ ಮುಚ್ಚಿ ಲೆಕ್ಕ ತಪ್ಪುತ್ತೆ.

ನಾನು ಮಾಡೋ ಪರೀಕ್ಷೆ ಸುಲಭ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದ ಹಾಗೆ ರಾತ್ರಿಯಿಡೀ ಇಡಿ. ಬೆಳಿಗ್ಗೆ 75% ಆಸುಪಾಸು ತೋರಿಸಬೇಕು. 5ಕ್ಕಿಂತ ಜಾಸ್ತಿ ಹೆಚ್ಚು-ಕಮ್ಮಿ ಇದ್ದರೆ ಅದನ್ನು ನಂಬಿ ಜೋಳ ಇಡಬೇಡಿ.

ನೆನಪಿಡಿ, ಇದು ಗಾಳಿಯ ತೇವ. ಬೆಂಬಲ ಬೆಲೆಗೆ ಕಾಳಿನ ತೇವ 14% ಮೀರಬಾರದು. ಅದನ್ನು ಅಳೆಯೋ ಮೀಟರೇ ಬೇರೆ.